ತಾನೇ ಫೋನು ಹಚ್ಚುವ ಡಬ್ಬಿ

ನಾನು ಚಿಂಚೋಳಿಯಲ್ಲಿ ಹೆರಿಗೆ ಮಾಡಿಸುವ ನರ್ಸ್ ಆಗಿದ್ದಾಗ ಮನೆಯಲ್ಲಿದ್ದದ್ದು ಒಂದೇ ಫೋನು. ಮೊಬೈಲ್ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಬೇನೆ ಬಂದರೂ ಸುದ್ದಿ ಬರಬೇಕಾದದ್ದು ಅದರ ಮೇಲೆಯೇ. ಅಂಥ ಲೈನಿಗೆ ನಮ್ಮ ಮನೆಯವರು, ಹೈಸ್ಕೂಲಿನ ವಿಜ್ಞಾನ ಮಾಸ್ತರು, ಇಂಟರ್ನೆಟ್ಟಿಗಾಗಿ ಕಂಪ್ಯೂಟರು ಜೋಡಿಸಲು ಹೊರಟರು.

"ಒಮ್ಮೆ ಲೈನ್ ಎಂಗೇಜ್ ಬಂತಂದ್ರ ಈ ಡಬ್ಬಿ ಬಾವ್ಯಾಗ ಇರ್ತದ, ನೋಡ್ರಿ," ಎಂದೆ.

"ಹಂಗೇನ್ ಆಗಲ್ಲ. ಇದು ಲಿನಕ್ಸ್. ಬೇಕಾದಾಗ ತಾನೇ ಫೋನ್ ಹಚ್ಚತದ, ಎರಡು ನಿಮಿಷ ಕೆಲಸ ಇಲ್ಲಂದ್ರ ತಾನೇ ಇಡತದ," ಎಂದರು.

ಕಂಪ್ಯೂಟರ್ ನಡೆಸುವ ಆ ಲಿನಕ್ಸನ್ನು ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಹಾಕಿಕೊಂಡು ವಾರಗಟ್ಟಲೆ ಒದ್ದಾಡಿದರು. ಒಂದು ಕಡತದಲ್ಲಿ ಹಚ್ಚಬೇಕಾದ ನಂಬರು, ಇನ್ನೊಂದರಲ್ಲಿ ಎರಡು ನಿಮಿಷದ ಗಡುವು. ನನಗೆ ನಂಬಿಕೆ ಇರಲಿಲ್ಲ, ಪರೀಕ್ಷೆಗೆ ನಾನೇ ಕುಂತೆ. ಅವರು ಒಂದು ಪುಟ ಕೇಳಿದ್ದೇ ತಡ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ತಾನೇ ನಂಬರು ಹಚ್ಚಿ ಕಿರುಗುಟ್ಟಿತು, ಪುಟ ಬಂತು. ನಾಡಿ ಎಣಿಸುವ ನನ್ನ ಗಡಿಯಾರ ಹಿಡಿದು ಕಾದೆ. ಸರಿಯಾಗಿ ಎರಡು ನಿಮಿಷಕ್ಕೆ ಟಕ್ ಎಂದಿತು. ರಿಸೀವರ್ ಎತ್ತಿದರೆ ಡಯಲ್ ಟೋನು. ಎಷ್ಟೋ ಹೆರಿಗೆ ಕಂಡವಳು ನಾನು, ಆದರೂ ಮೈ ಜುಮ್ಮೆಂದಿತು. ಮತ್ತೊಮ್ಮೆ ಮಾಡಿ ತೋರಿಸ್ರಿ ಎಂದು ಕೂಸಿನ ಹಾಗೆ ಹಟ ಹಿಡಿದೆ.

ಐನಾಪುರದ ಒಬ್ಬಳಿಗೆ ದಿನ ತುಂಬಿದ್ದವು. ಹಿಂದಿನ ಹೆರಿಗೆಯಲ್ಲಿ ಅವಳಿಗೆ ಭಾಳ ರಕ್ತ ಹೋಗಿತ್ತು. ಬೇನೆ ಶುರುವಾದ ಕೂಡಲೇ ಫೋನ್ ಮಾಡು ಎಂದು ಅವಳ ಗಂಡನಿಗೆ ಹೇಳಿಟ್ಟಿದ್ದೆ. ಒಂದು ಮಧ್ಯಾಹ್ನ ಅವನೇ ಮೋಟಾರ್‌ಸೈಕಲ್ ಮೇಲೆ ಬಂದು ಬಾಗಿಲಲ್ಲಿ ನಿಂತ.

"ತಾಸಿನಿಂದ ಫೋನ್ ಹಚ್ಚಲಿಕತ್ತೀನ್ರಿ ಅಕ್ಕೋರೆ. ಎಂಗೇಜ್ ಬರ್ಲಿಕತ್ತದ."

ನಾನು ಫೋನು ಮುಟ್ಟಿಯೇ ಇರಲಿಲ್ಲ. ಮನೆಯವರು ಶಾಲೆಯಲ್ಲಿದ್ದರು. ಚೀಲ ಎತ್ತಿಕೊಂಡು ಅವನ ಹಿಂದೆ ಕುಂತೆ. ಹೋಗುವಷ್ಟರಲ್ಲಿ ಕೂಸು ಅಜ್ಜಿಯ ಕೈಯಲ್ಲಿತ್ತು, ತಾಯಿ ರಕ್ತದಲ್ಲಿದ್ದಳು. ಇಂಜೆಕ್ಷನ್ ಕೊಟ್ಟು, ರಕ್ತ ನಿಲ್ಲುವ ತನಕ ಹೊಟ್ಟೆ ತಿಕ್ಕಿದೆ. ಇಬ್ಬರೂ ಉಳಿದರು. ನಾನು ಅಲ್ಲಿ ಮುಟ್ಟಿದ್ದು ನಾಲ್ಕಕ್ಕೆ. ತಡವಾದದ್ದು ಕಾಣದಿರಲೆಂದು ಹೆರಿಗೆ ರಿಜಿಸ್ಟರಿನಲ್ಲಿ ಮೂರು ಎಂದು ಬರೆದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬುದು ನೌಕರಿಯಲ್ಲಿ ನಾನು ಕಲಿತ ಪಾಠ.

ಮನೆಗೆ ಬಂದು ಮನೆಯವರ ಮೇಲೆ ಉರಿದುಬಿದ್ದೆ. ಟೆಲಿಫೋನಿನವರ ತಪ್ಪು ಎಂದಿದ್ದರೆ ನಂಬಿಬಿಡುತ್ತಿದ್ದೆ. ಅವರು ಹಾಗೆನ್ನದೆ, ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಡತ ತೆರೆದು ಓದತೊಡಗಿದರು. ಬೆಳಿಗ್ಗೆ ಹತ್ತರಿಂದ ಲೈನ್ ಬಿಟ್ಟೇ ಇರಲಿಲ್ಲ. ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿದೆಯೆಂದು ಶಾಲೆಗೆ ಹೋಗುವ ಮುಂಚೆ ಇವರು ಹೊಸದೊಂದು ಪ್ರೋಗ್ರಾಂ ಹಾಕಿದ್ದರಂತೆ. ಅದು ನಿಮಿಷಕ್ಕೊಮ್ಮೆ ದೂರದ ಯಾವುದೋ ಯಂತ್ರಕ್ಕೆ ಗಂಟೆ ಎಷ್ಟು ಎಂದು ಕೇಳುತ್ತ ಕುಂತಿತ್ತು. ಸುಮ್ಮನಿರುವ ಎರಡು ನಿಮಿಷ ಬರಲೇ ಇಲ್ಲ.

"ತಪ್ಪು ನಂದು," ಎಂದರು, ತೆರೆಯ ಮೇಲೆ ಬೆರಳಿಟ್ಟು. "ಇಲ್ಲೇ ಬರದದ, ನೋಡು."

ನೋಡಿದೆ. ಯಾರೂ ಕೇಳದಿದ್ದರೂ ಇಡೀ ದಿನದ್ದನ್ನು ಒಂದು ಸೆಕೆಂಡೂ ಮುಚ್ಚಿಡದೆ ಬರೆದಿಟ್ಟಿತ್ತು ಆ ಡಬ್ಬಿ. ಬೆರಗಾದೆ, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಚೀಲದಿಂದ ರಿಜಿಸ್ಟರ್ ತೆಗೆದು, ಅವರ ಎದುರಿಗೇ ಮೂರನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದು ಸಹಿ ಮಾಡಿದೆ.

ತಡವೇಕಾಯಿತು ಎಂದು ಮೇಲಧಿಕಾರಿಗಳು ನೋಟಿಸ್ ಕೊಟ್ಟರು. ತಡವಾದದ್ದು ನಿಜ ಎಂದು ಉತ್ತರ ಬರೆದೆ.