ತಟ್ಟೆ ಮರೆಯಾಗುವ ಆಳ

ದಾವಣಗೆರೆಯ ಬಸ್ಸು ನನ್ನನ್ನು ಬಿಜೈ ನಿಲ್ದಾಣದಲ್ಲಿ ಇಳಿಸಿದಾಗ ಬೆಳಿಗ್ಗೆ ಏಳು ಗಂಟೆ. ಡಿಸೆಂಬರ್ ಆದರೂ ಕರಾವಳಿಯ ಬೆವರು. ಎರಡು ಬನ್ಸ್ ತಿಂದು, ಸಿಟಿ ಬಸ್ಸಿಗೆ ಹದಿನೈದು ರೂಪಾಯಿ ಕೊಟ್ಟು ದೇರೆಬೈಲಿಗೆ ಹೊರಟೆ. ಮೂವತ್ತು ವರ್ಷಗಳ ಹಿಂದೆ ನಾನು ಓದಿದ ಊರು ಕಿಟಕಿಯಾಚೆ ಅರೆನಿದ್ದೆಯಲ್ಲಿ ತೇಲಿಹೋಗುತ್ತಿತ್ತು. ಗುರುತು ಸಿಕ್ಕಿತು ಅನ್ನುವಷ್ಟರಲ್ಲಿ ಬೇರೇನೋ ಆಗಿಬಿಡುತ್ತಿತ್ತು.

ಹೊರಟಿದ್ದು ನನ್ನ ಭೌತಶಾಸ್ತ್ರದ ಮೇಷ್ಟ್ರ ಮನೆಗೆ. ನದಿ ಸಮುದ್ರ ಸೇರುವಲ್ಲಿ ಬೆಳಕು ನೀರೊಳಗೆ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಅವರು ಕೊಟ್ಟ ಸೂತ್ರವನ್ನು ಹೊರದೇಶಗಳಲ್ಲೂ ಓದುತ್ತಾರೆ. ಅಷ್ಟು ದೊಡ್ಡ ಕೆಲಸಕ್ಕೆ ಇದ್ದ ಸಲಕರಣೆ ಬಿಳಿ ಬಣ್ಣ ಬಳಿದ ತಗಡಿನ ತಟ್ಟೆ, ಅಡಿಗೊಂದು ಗಂಟು ಹಾಕಿದ ಹಗ್ಗ, ಅಷ್ಟೇ. ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಇದಿನಬ್ಬರ ದೋಣಿ ಹತ್ತಿ, ನಡುಮಧ್ಯಾಹ್ನ ತಟ್ಟೆಯನ್ನು ಹೊಳೆಗಿಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳ ಬರೆಯಬೇಕು. ನಾನು ಅರವತ್ತು ಮಧ್ಯಾಹ್ನ ಬರೆಯಬೇಕಿತ್ತು. ಐವತ್ತೊಂಬತ್ತು ಬರೆದೆ. ಕೊನೆಯದನ್ನು, ಊರಿಗೆ ಹೋಗುವ ಅವಸರದಲ್ಲಿ, ಅತ್ತಾವರದ ಹಾಸ್ಟೆಲಿನಲ್ಲಿ ಬಟ್ಟೆ ತುಂಬಿಕೊಳ್ಳುತ್ತಾ ಮನಸ್ಸಿಗೆ ಬಂದಂತೆ ಗೀಚಿದೆ.

ಈಗ ಸರ್ ಬರೆದದ್ದೆಲ್ಲ ಒಟ್ಟಿಗೆ ಅಚ್ಚಾಗುತ್ತಿದೆ. “ನಿನ್ನ ಅಳತೆಯೂ ಬರ್ತದೆ” ಎಂದು ಹೋದ ವಾರ ಫೋನು ಮಾಡಿದ್ದರು. ನನ್ನ ಸುಳ್ಳು ಅವರ ಹೆಸರಿನಡಿ ಅಚ್ಚಾಗುವುದೇ! ಅಯ್ಯೋ, ಅಂದಿನಿಂದ ಅನ್ನ ಸರಿಯಾಗಿ ಸೇರಿರಲಿಲ್ಲ. ಒಪ್ಪಿಕೊಂಡರೆ ಮತ್ತೆ ನನ್ನ ಮುಖ ನೋಡುತ್ತಾರೋ ಇಲ್ಲವೋ ಎಂಬ ಭಯ ಬೇರೆ.

ಸರ್ ಜಗಲಿಯಲ್ಲೇ ಕೂತಿದ್ದರು. “ಎಂತ, ಇಷ್ಟು ಬಡಕಲಾದದ್ದು?” ಎಂದರು. ಚಹಾ ಮುಟ್ಟದೆ ಎಲ್ಲ ಹೇಳಿಬಿಟ್ಟೆ. ಅವರು ಒಳಗಿಂದ ಹಳೆಯ ನೋಟ್‌ಬುಕ್ ತಂದು ಬಿಡಿಸಿದರು. ಕೊನೆಯ ಅಂಕಿಯನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿತ್ತು.

“ನೀನು ಹಾಕಿದ ತಾರೀಕು ಶುಕ್ರವಾರ. ಶುಕ್ರವಾರ ಮಧ್ಯಾಹ್ನ ಇದಿನಬ್ಬ ನಮಾಜಿಗೆ ಹೋಗ್ತಿದ್ದ. ದೋಣಿ ಎಲ್ಲಿ ಉಂಟು ಮಾರಾಯ್ತಿ? ಈಜಿಕೊಂಡು ಅಳೆದದ್ದಾ?”

“ಗೊತ್ತಿದ್ದೂ ಯಾಕೆ ಕೇಳಲಿಲ್ಲ ಸರ್?”

“ನೀನೇ ಹೇಳ್ತೀ ಅಂತ ಇದ್ದೆ. ಸ್ವಲ್ಪ ತಡ ಆಯ್ತು. ಅಚ್ಚಾಗುದು ಐವತ್ತೊಂಬತ್ತೇ.”

ನಾಚಿಕೆಯೋ ಸಮಾಧಾನವೋ, ಗಳಗಳ ಅತ್ತೆ. ಮೂಗು ಒರೆಸಿಕೊಂಡು, ಇವತ್ತು ಹೋಗಿ ಅಳೆದು ಆ ಜಾಗ ತುಂಬಿಸಲೇ ಎಂದೆ.

“ಅದು ಆಗುದಿಲ್ಲ. ಆ ದಿನದ ನೀರು ಆವತ್ತೇ ಸಮುದ್ರಕ್ಕೆ ಹೋಯ್ತು. ಇವತ್ತಿನದ್ದನ್ನು ಇವತ್ತಿನ ತಾರೀಕಿಗೆ ಬರೀಲಿಕ್ಕೆ ಆಗ್ತದೆ.” ಗೋಡೆಯ ಮೊಳೆಯಿಂದ ಹಗ್ಗದ ಸಮೇತ ತಟ್ಟೆ ತೆಗೆದು ಕೊಟ್ಟರು. “ಹೆದರ್ಬೇಡ, ಇವತ್ತು ಬುಧವಾರ.”

ನಡುಮಧ್ಯಾಹ್ನದ ಹೊಳೆ ಅಲುಗದೆ ಮಲಗಿತ್ತು. ಆಚೆ ದಡದ ಗಾಳಿಮರಗಳು ಬಿಸಿಲ ಮಬ್ಬಿನಲ್ಲಿ ನೆಲ ಬಿಟ್ಟು ನಿಂತಂತಿದ್ದವು. ನನ್ನ ಮಾತಿಗೆ ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿದ ಈಗಿನ ದೋಣಿಯವರು, “ಎಂತ ಅಕ್ಕ, ತಟ್ಟೆಗೆ ಮೀನು ಬೀಳ್ತದಾ?” ಎಂದು ನಕ್ಕರು. ತಟ್ಟೆ ಇಳಿಯುತ್ತಾ ಹಸಿರಾಯಿತು, ನೀರುಮಜ್ಜಿಗೆಯಂತೆ ತೆಳುವಾಯಿತು, ಇದೆಯೋ ಇಲ್ಲವೋ ಎನ್ನುವಂತಾಗಿ, ಇಲ್ಲವಾಯಿತು. ಎಷ್ಟು ಹೊತ್ತು ಬಗ್ಗಿ ನೋಡುತ್ತಿದ್ದೆನೋ ತಿಳಿಯದು. ಗಂಟು ಎಣಿಸಿ ಫೋನು ಮಾಡಿದೆ.

“ಸರ್, ಆರನೆಯ ಗಂಟು.”

“ದೋಣಿಯಿಂದಲಾ, ಹಾಸ್ಟೆಲಿನಿಂದಲಾ?”

“ದೋಣಿಯಿಂದಲೇ ಸರ್.”

ಅತ್ತ ಹಾಳೆ ಮಗುಚಿದ ಸದ್ದು. “ಆರು” ಎಂದು ಬರೆದುಕೊಳ್ಳುತ್ತಾ ಹೇಳಿದರು. ಇನ್ನೊಮ್ಮೆ ನೋಡು ಎನ್ನಲಿಲ್ಲ.