ಅದಬಿನ ನಡುಕ

ನಮ್ಮ ಶಹಾಪುರದ ತಹಸೀಲ ಕಚೇರಿಯೊಳಗ ಸಾಹೇಬರ ಮುಂದ ನಡುಗೂದು ರೋಗ ಆಗಿರಲಿಲ್ಲ, ಅದಬು ಆಗಿತ್ತು. ನಿಜಾಮರ ಕಾಲದಿಂದ ಬಂದ ಪದ್ಧತಿ ಅದು. ಯಾರು ಹೆಚ್ಚು ನಡುಗ್ತಾರೋ ಅವರಿಗೆ ಹೆಚ್ಚು ಮರ್ಯಾದಿ ಗೊತ್ತದ ಅಂತ ತಿಳ್ಕೋತಿದ್ರು. ಹಿಂಗಾಗಿ ನನಗ ಖರೇನೇ ರೋಗ ಬಂದಾಗ ಒಬ್ಬರಿಗೂ ಗೊತ್ತಾಗಲಿಲ್ಲ. ರೋಗದ ಮ್ಯಾಲಿನ ಸಿಟ್ಟು ಎಂದೋ ಹೋಗ್ಯಾದ, ಈ ಮಾತಿನ ಸಿಟ್ಟು ಇನ್ನೂ ಹೋಗಿಲ್ಲ.

ಹೈದ್ರಾಬಾದ ರಾಜ್ಯ ಒಡದು ನಮ್ಮ ಭಾಗ ಮೈಸೂರಿಗೆ ಸೇರಿದ ಹೊಸದು. ಮೈಸೂರ ಕಡಿಂದ ಒಬ್ಬ ತಹಸೀಲ್ದಾರರು ಬಂದ್ರು. ತಣ್ಣಗ ಮಾತಾಡೋ ಮನುಷ್ಯಾ, ಆದ್ರ ಉರ್ದು ಒಂದಕ್ಷರ ಬರ್ತಿರಲಿಲ್ಲ. ಕಚೇರಿ ಹಳೇ ಕಾಗದ ಎಲ್ಲಾ ಉರ್ದು, ಹೊಸಾವು ಕನ್ನಡ. ಸಾಹೇಬರ ಮುಂದ ನಿಂತು ಕಾಗದ ದನಿ ಎತ್ತಿ ಓದೂದಕ್ಕ ಪೇಶಿ ಅಂತಿದ್ರು, ಅದನ್ನ ಮೂವತ್ತು ವರ್ಷದಿಂದ ಮಾಡಕೋತ ಬಂದವರು ನಮ್ಮ ಮುದುಕ ಪೇಶಕಾರರು. ಅವರು ಕನ್ನಡ ಮಾತಾಡ್ತಿದ್ರು, ಓದಾಕ ಬರ್ತಿರಲಿಲ್ಲ. ನನಗ ಎರಡೂ ಬರ್ತಿದ್ವು. ಅದೇ ನನ್ನ ತಪ್ಪಾತು. ಉರ್ದು ನೋಡಿ ನಿಂತ ನಿಂತಲ್ಲೇ ಕನ್ನಡದಾಗ ಹೇಳು ಅಂತ ನನ್ನ ಪೇಶಿಗೆ ನಿಲ್ಲಿಸಿದ್ರು. ನನ್ನ ಗುಮಾಸ್ತನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಪೇಶಿ ಚಲೋ ನಡದ್ರ ಖಾಯಂ, ಇಲ್ಲಾಂದ್ರ ಹೆಂಡ್ತಿ, ಎರಡು ಮಕ್ಕಳನ್ನ ಕರಕೊಂಡು ಮುದನಾಳಕ್ಕ ಅವ್ವನ ಮನಿಗೆ.

ಮೂರನೇ ದಿನ ಒಂದು ಬಾವಿ ತಕರಾರಿನ ಕಾಗದ ಓದಾಕತ್ತಿದ್ದೆ. ನಡುವ ಎದಿ ಡವಡವ ಅಂತು, ಉಸಿರು ಗಂಟಲದಾಗ ಸಿಗಬಿತ್ತು, ಬೆರಳು ಜೋಮು ಹಿಡದ್ವು. ಈಗ ಸಾಯ್ತೀನಿ ಅನ್ನಿಸ್ತು. ಅನ್ನಿಸೂದೇನು, ಸತ್ತೇ ಬಿಟ್ಟೆ ಅಂದ್ಕೊಂಡೆ.

"ಯಾಕೆ, ಏನಾಯ್ತು ಇವರಿಗೆ?" ಅಂದ್ರು ಸಾಹೇಬರು.

ನಮ್ಮ ಹಿರೇ ಗುಮಾಸ್ತ ಇದ್ದ, ಉತ್ತರ ಯಾವಾಗಲೂ ತಯಾರು ಇಟ್ಕೊಂಡಾಂವ. "ಏನಿಲ್ಲ ಸರ್, ಅದಬು. ನಿಮ್ಮಂಥ ದೊಡ್ಡವರ ಮುಂದ ನಮ್ಮ ಕಡಿ ಮಂದಿ ಹಿಂಗೇ."

ಸಾಹೇಬರಿಗೆ ಬಾಳ ಖುಷಿ ಆತು. "ಎಂಥ ವಿನಯ ನೋಡಿ" ಅಂದ್ರು. ಮರುವಾರದಿಂದ ಇನ್ನಿಬ್ಬರು ಗುಮಾಸ್ತರು ನಡುಗೂದು ಕಲಿಯಾಕ ಶುರು ಮಾಡಿದ್ರು. ಒಬ್ಬಾಂವ ರೂಢಿ ಇಲ್ಲದ ನಡುಗಿ ಸಾಹೇಬರ ಬಿಳೀ ಪ್ಯಾಂಟಿನ ಮ್ಯಾಲ ಮಸಿ ಚೆಲ್ಲಿದ.

ಔಷಧ ಹುಡುಕ್ಕೋತ ತಿರುಗಿದ್ದು ಬ್ಯಾರೇ ಕಥಿ. ಯಾದಗಿರಿ ಡಾಕ್ಟರು ಎದಿಮ್ಯಾಲ ನಳಿಗಿ ಇಟ್ಟು, "ಎದಿ ಗಟ್ಟಿ ಅದ, ಒಂದು ಮದುವಿ ಮಾಡ್ಕೋ" ಅಂದ್ರು. ಮದುವಿ ಆಗಿ ಎರಡು ಮಕ್ಕಳು ಅದಾವ ಅಂತ ನಾನೂ ಹೇಳಲಿಲ್ಲ. ಸುರಪುರದ ವೈದ್ಯರು ನಾಡಿ ಹಿಡದು ಬಾಳ ಹೊತ್ತು ಕಣ್ಣು ಮುಚ್ಚಿದ್ರು, ಗೊರಕಿ ಹೊಡದ ಮ್ಯಾಲ ನಿದ್ದಿ ಅಂತ ಗೊತ್ತಾತು. ಎದ್ದು ವಾಯು ಅಂತ ಹೇಳಿ ಪುಡಿ ಕೊಟ್ರು, ಹೊಟ್ಟಿ ಕಿತ್ಕೊಂಡು ಹೋತು, ಎದಿ ಇದ್ದಲ್ಲೇ ಇತ್ತು. ದೇವಾಪುರದಾಗ ಒಬ್ಬರು ದಾರ ಕಟ್ಟಿದ್ರು. ಅವ್ವ ಉಪ್ಪು ಮೆಣಸಿನಕಾಯಿ ಇಳೀಸಿ ಒಲಿಗೆ ಹಾಕಿದಳು. ಘಾಟಿಗೆ ಮನಿ ಮಂದೆಲ್ಲ ಕೆಮ್ಮಿ ಹೊರಗ ಓಡಿದ್ರು. ಘಾಟು ಬಂತಂದ್ರ ದಿಟ್ಟಿ ಅಲ್ಲ ಅಂತ ಅರ್ಥ. "ಹಂಗಾದ್ರ ನಿನಗ ಏನೂ ಆಗಿಲ್ಲೋ ಅಪ್ಪಾ" ಅಂತ ಕಣ್ಣೀರು ಒರಸಿಕೋತ ಅಂದ್ಳು. ಏನೂ ಆಗಿಲ್ಲ ಅಂತ ಎಲ್ಲರೂ ಹೇಳೋರೇ. ಆಗಾಕತ್ತಿದ್ದು ನನಗೊಬ್ಬನಿಗೇ.

ಒಂದು ದಿನ ಪೇಶಿ ಅರ್ಧಕ್ಕ ಬಿಟ್ಟು ಹೊರಗ ಬಂದೆ. ಕಚೇರಿ ಹಿಂದಿನ ಹುಣಸಿ ಗಿಡದ ಬುಡಕ ಕುಂತು ಬಾಯಿ ತಗದು ಉಸಿರು ಎಳೀಲಿಕತ್ತಿದ್ದೆ. ಪೇಶಕಾರರು ಬಂದು ಬಾಜೂಕ ಕುಂತ್ರು. ನಾ ಅವರಿಗೆ ಚಾಚಾ ಅಂತಿದ್ದೆ.

"ಇದು ಅದಬು ಅಲ್ಲ ಬೇಟಾ, ಗಾಬರಿ" ಅಂದ್ರು. "ನನಗೂ ಅದ. ನಿಜಾಮರ ರಾಜ್ಯ ಬಿದ್ದ ವರ್ಷದಿಂದ ಅದ."

ಆ ವರ್ಷ ಅವರು ಏನು ನೋಡಿದ್ರೋ ಹೇಳಲಿಲ್ಲ.

"ಸಾಯಂಗಿಲ್ಲ. ನಾ ನೂರು ಸಲ ಸತ್ತೀನಿ, ನೋಡು, ಕುಂತೀನಿ. ಒಂದು ಎಲಿ ಜಗದು ಉಗುಳೂದ್ರಾಗ ಅದು ಹೋಗ್ತದ. ಎದ್ದು ಓಡಬ್ಯಾಡ, ಓಡಿದ್ರ ಬೆನ್ನ ಹತ್ತತದ. ಉಸಿರು ಎಳಿಯೂದು ಬಿಡು, ಮೊದಲ ಒಳಗಿಂದು ಹೊರಗ ಹಾಕು, ಸಾವಕಾಶ."

ಅಷ್ಟೂ ಊರು ತಿರುಗಿದ್ರೂ "ನನಗೂ ಅದ" ಅಂತ ಅಂದವರು ಅವರೊಬ್ಬರೇ. ನಾ ಅಲ್ಲೇ ಅತ್ತುಬಿಟ್ಟೆ.

ಮರುದಿನದಿಂದ ಪೇಶಿಗೆ ನನ್ನ ಹಿಂದ ಬಂದು ನಿಂತ್ರು. ಉರ್ದು ತಪ್ಪಿದ್ರ ತಿದ್ದಾಕ ಅಂತ ಸಾಹೇಬರಿಗೆ ಹೇಳಿದ್ರು. ಅಂಗೈ ನನ್ನ ಬೆನ್ನಮ್ಯಾಲ ಇಡ್ತಿದ್ರು. ಉಸಿರು ಸಿಗಬಿದ್ದಾಗ ಸಣ್ಣಗ "ಛೋಡ್" ಅಂತಿದ್ರು, ನಾ ಬಿಡ್ತಿದ್ದೆ, ಓದ್ತಿದ್ದೆ. ಗಾಬರಿ ಬರೂದು ಬಿಡಲಿಲ್ಲ. ಬಂದು ಕುಂದರೂದು ಕಡಿಮಿ ಆತು.

ಆರು ತಿಂಗಳಾದ ಮ್ಯಾಲ ಹುಕುಂ ಬಂತು. ಕನ್ನಡ ಓದಾಕ ಬರದವರು ಸಾಹೇಬರ ಮುಂದ ಓದಿ ತೋರಸಬೇಕು, ಇಲ್ಲಾಂದ್ರ ಮನಿಗೆ. ಚಾಚಾಗ ಪಿಂಚಣಿಗೆ ಇನ್ನೆರಡು ವರ್ಷ ಬಾಕಿ. ದಿನಾ ಸಂಜೀಕ ಅವರ ಪಡಸಾಲ್ಯಾಗ ಕುಂತು ಅ ಆ ಇ ಈ ಹೇಳಿಕೊಟ್ಟೆ. ಅವರ ಮೊಮ್ಮಗಳು ಅವರಿಗಿಂತ ಮೊದಲ ಕಲತು ಬಿಟ್ಳು.

ಓದಿ ತೋರಸೋ ದಿನ ಬಂತು, ಚಾಚಾ ಸಾಹೇಬರ ಮುಂದ ಕನ್ನಡ ಕಾಗದ ಹಿಡಕೊಂಡು ನಿಂತ್ರು. ಕಾಗದ ಪಟಪಟ ಅನ್ನಾಕತ್ತು. ಬಾಯಿ ತೆರದದ, ದನಿ ಇಲ್ಲ.

ಹಿರೇ ಗುಮಾಸ್ತ ಹಲ್ಲು ಕಿಸದ. "ನೋಡ್ರಿ ಸರ್, ಹಳೇ ಕಾಲದ ಅದಬು."

ನನಗ ತಡಕೊಳ್ಳಾಕ ಆಗಲಿಲ್ಲ. "ಅದಬೂ ಅಲ್ಲ, ಮಣ್ಣೂ ಅಲ್ಲ. ಗಾಬರಿ ರೋಗ ಸರ್ ಅದು. ನನಗೂ ಅದ. ಪೇಶಿಗೆ ನಿಂತ ಮೂರನೇ ದಿನದಿಂದ ನಿಮ್ಮ ಮುಂದ ನಾ ನಡುಗಿದ್ದೂ ಅದೇ" ಅಂದೆ. ನೌಕರಿ ಹೋತು ಅಂತ ಗೊತ್ತಿದ್ದೇ ಅಂದೆ. ಸಾಹೇಬರು ನನ್ನ ಮಾರಿ ನೋಡಿದ್ರು. ತಮ್ಮ ಮುಂದಿನ ನೀರಿನ ಗ್ಲಾಸು ಚಾಚಾನ ಕಡೆ ಸರಿಸಿದ್ರು.

ನಾ ಹೋಗಿ ಚಾಚಾನ ಹಿಂದ ನಿಂತೆ. ಶೇರ್ವಾನಿ ಬೆವರಿಗೆ ತೊಯ್ದಿತ್ತು. ಅಂಗೈ ಇಟ್ಟು, "ಬಿಡ್ರಿ ಚಾಚಾ" ಅಂದೆ. ಉಸಿರು ಬಿಟ್ರು. ಒಂದೊಂದೇ ಅಕ್ಷರ ಕೂಡಿಸಿ ಓದಾಕ ಹತ್ತಿದ್ರು.

ಅವರು ಓದಿ ಮುಗಸೂತನಾ ನನ್ನ ಕೈ ಅವರ ಬೆನ್ನಮ್ಯಾಲ ಗಡಗಡ ನಡುಗತಿತ್ತು. ಆರು ತಿಂಗಳು ನನ್ನ ಬೆನ್ನಮ್ಯಾಲ ಇದ್ದ ಅವರ ಕೈನೂ ಹಿಂಗೇ ನಡುಗತಿತ್ತು ಅಂತ ಆವಾಗ ಹೊಳೀತು. ಆ ನಡುಕ ಎಲ್ಲಾ ನಂದೇ ಅಂತ ತಿಳ್ಕೊಂಡಿದ್ದೆ.