ಕೆಂಪು ಕ್ಲಿಪ್ಪು ಮತ್ತು ಹೊಸ ರಿಮೋಟು

ಇದನ್ನು ಹೇಳುವುದನ್ನು ನಾನು ಬಹಳ ದಿನದಿಂದ ಮುಂದೂಡುತ್ತ ಬಂದಿದ್ದೇನೆ. ಮಳೆಗಾಲದಲ್ಲಿ ಬಿಡುವಿರುತ್ತದೆ, ಆಗ ಬರೆದರಾಯಿತು ಎಂದುಕೊಳ್ಳುತ್ತೇನೆ. ಮಳೆ ಹಿಡಿದಾಗ ಕರೆಂಟಿಲ್ಲ ಎನ್ನುತ್ತೇನೆ. ಕರೆಂಟು ಬಂದ ದಿನ ಕನ್ನಡಕ ಸಿಗುವುದಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಬಾಳೂರಿನ ಕಡೆಯ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದು ದಿನವೂ ಆಳುಗಳ ಹಾಜರಿ ಬರೆದವನು. ಹಾಗಾಗಿ ಬರೆಯಲು ಬಾರದು ಎಂಬ ಒಂದು ನೆಪವನ್ನು ಮಾತ್ರ ಹೂಡುವಂತಿಲ್ಲ.

ವಿಷಯ ಆಟದ ಕಾರುಗಳದ್ದು. ಅದರಲ್ಲಿ ನಾನೊಂದು ಮೋಸ ಮಾಡಿದೆ. ಅಪವಾದ ಬೇರೊಬ್ಬರ ಮೇಲೆ ಬಂತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಕಾರಿನ ಹುಚ್ಚು ನಮಗೆ ಹತ್ತಿಸಿದ್ದು ಸಂಸೆಯಲ್ಲಿರುವ ಭಾವ, ನನ್ನ ಹೆಂಡತಿಯ ಅಣ್ಣ. ಬದುಕಿಡೀ ಜೀಪು ಓಡಿಸಿದ ಮನುಷ್ಯ. ಒಮ್ಮೆ ಬಾಡಿಗೆಗೆಂದು ಮಂಗಳೂರಿಗೆ ಹೋದವರು ಹಳೇ ಸಾಮಾನಿನ ಅಂಗಡಿಯಿಂದ ಮೊಳದುದ್ದದ ಎರಡು ಕಾರು, ಎರಡು ರಿಮೋಟು ತಂದರು. ಒಂದು ತಮಗೆ, ಒಂದು ನನಗೆ. ಆಮೇಲೆ ಬಣಕಲ್ಲಿನ ಕಿರಾಣಿ ಅಂಗಡಿಯವರು ಸೇರಿದರು. ಹೀಗೆ ಕೂಡಿಕೊಂಡು ಆರೇಳು ಜನರಾದೆವು. ಎಲ್ಲರಿಗಿಂತ ಚಿಕ್ಕವರಿಗೇ ಐವತ್ತು ದಾಟಿತ್ತು.

ಓಡಿಸುವ ಜಾಗ ನಮ್ಮ ಮನೆಯ ಕಾಫಿ ಕಣ. ಬಣಕಲ್ಲಿನಿಂದ ಸ್ವಲ್ಪ ಮೇಲೆ ನಮಗೆ ಮೂರೆಕರೆ ತೋಟವಿದೆ. ಪಾರ್ಚ್‌ಮೆಂಟ್ ಎನ್ನುವ ಸಿಪ್ಪೆ ಸುಲಿದ ಕಾಫಿ ಬೀಜ ಒಣಗಿ ಮೂಟೆ ಸೇರಿದ ಮೇಲೆ ಸಿಮೆಂಟಿನ ಕಣ ಮಳೆಗಾಲದವರೆಗೆ ಖಾಲಿ. ಹಳೇ ಗೋಣಿಚೀಲಗಳನ್ನು ಸುರುಳಿ ಸುತ್ತಿ ಅಂಚಿಗಿಟ್ಟರೆ ತಿರುವು ಮುರುವಿನ ದಾರಿ ತಯಾರು. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕಣ ತೊಳೆದಿಟ್ಟ ಹಾಗಿರುತ್ತದೆ. ವಾರ ಹತ್ತು ದಿನ ಕಳೆದರೆ ಸುತ್ತ ಗಿಡಗಳಲ್ಲಿ ಬಿಳಿ ಹೂವು, ನಡುವೆ ಗುಂಯ್ ಎನ್ನುವ ಕಾರು, ದಡದಲ್ಲಿ ಮುದುಕರ ಕೂಗಾಟ. ಅದಕ್ಕಿಂತ ದೊಡ್ಡ ಸುಖ ನನಗೆ ತಿಳಿದಿಲ್ಲ.

ನಮ್ಮ ಹಳೇ ರಿಮೋಟುಗಳಲ್ಲಿ ಒಂದು ತೊಡಕಿತ್ತು. ಒಂದೊಂದರ ಬೆನ್ನಿಗೂ ಹುಣಸೆಬೀಜದಷ್ಟು ದೊಡ್ಡ ಕ್ರಿಸ್ಟಲ್ ಸಿಕ್ಕಿಸಿರುತ್ತದೆ. ಅದಕ್ಕೆ ಕೆಂಪು, ಹಳದಿ, ನೀಲಿ ಎಂದು ಬಣ್ಣದ ಗುರುತು. ಒಂದೇ ಬಣ್ಣದ ಎರಡು ರಿಮೋಟು ಒಟ್ಟಿಗೆ ಚಾಲೂ ಆದರೆ ಕಾರಿಗೆ ಯಾರ ಮಾತು ಕೇಳಬೇಕೆಂದು ತಿಳಿಯದೆ ಹುಚ್ಚೆದ್ದು ಓಡುತ್ತದೆ. ಅದಕ್ಕಾಗಿ ನನ್ನ ಹೆಂಡತಿ ಒಂದು ಕ್ರಮ ಮಾಡಿದಳು. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ಬಣ್ಣ ಹಚ್ಚಿ ಒಂದು ಹಲಗೆಗೆ ಸಿಕ್ಕಿಸಿದಳು. ಬಣ್ಣಕ್ಕೊಂದೇ ಕ್ಲಿಪ್ಪು. ಎಲ್ಲರ ರಿಮೋಟೂ ಅವಳ ಮೇಜಿನ ಮೇಲಿರಬೇಕು. ಓಡಿಸುವವನಿಗೆ ಕ್ಲಿಪ್ಪಿನ ಜೊತೆ ರಿಮೋಟು ಕೊಡುತ್ತಾಳೆ, ಮುಗಿದ ಮೇಲೆ ಎರಡನ್ನೂ ವಾಪಸು ಇಸಿದುಕೊಳ್ಳುತ್ತಾಳೆ. ಧೂಳು ಕೂರಬಾರದೆಂದು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿಡುತ್ತಿದ್ದಳು.

"ನಿಮ್ಮ ಹಾಜರಿ ಪುಸ್ತಕದಲ್ಲಿ ತಪ್ಪಿರಬಹುದು, ನನ್ನ ಹಲಗೇಲಿ ಇಲ್ಲ" ಎನ್ನುತ್ತಿದ್ದಳು ನನಗೆ. ನಿಜವಾಗಿಯೂ ಇರಲಿಲ್ಲ. ಎರಡು ಬೇಸಿಗೆ ಒಂದು ದಿನವೂ ಕಾರು ಹುಚ್ಚೇಳಲಿಲ್ಲ.

ಪಂದ್ಯದ ನಿಯಮ ಒಂದೇ: ಸೋತವನು ಎಲ್ಲರಿಗೂ ಕಾಫಿ ಮಾಡಬೇಕು. ಮೂರನೆಯ ಬೇಸಿಗೆಯಲ್ಲಿ ಮೊದಲ ನಾಲ್ಕು ಭಾನುವಾರ ನಾನೇ ಮಾಡಿದ್ದೆ.

"ಭಾವ, ಹೋದ ವಾರದ ಕಾಫಿಗೆ ಬೆಲ್ಲ ಜಾಸ್ತಿ ಆಗಿತ್ತು ಮಾರಾಯ್ರೆ. ಇವತ್ತು ನೋಡ್ಕಂಡು ಹಾಕಿ" ಎಂದು ಐದನೆಯ ಭಾನುವಾರ ಓಟ ಶುರುವಾಗುವ ಮೊದಲೇ ಭಾವ ಕಿಚಾಯಿಸಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.

ಮೂರನೆಯ ಸುತ್ತಿಗೇ ನನ್ನ ಕಾರಿನ ಚಕ್ರ ಕಳಚಿತು. ನಿಯಮದ ಪ್ರಕಾರ ನನ್ನ ನೀಲಿ ಕ್ಲಿಪ್ಪನ್ನೂ ರಿಮೋಟನ್ನೂ ಮೇಜಿಗೆ ಒಪ್ಪಿಸಬೇಕಿತ್ತು. ಕ್ಲಿಪ್ಪು ಕೊಟ್ಟೆ. "ರಿಮೋಟು ಇರಲಿ, ಚಕ್ರ ಹಾಕಿ ನೋಡ್ತೀನಿ" ಎಂದೆ. ಬೇರೆ ಯಾರಿಗಾದರೂ ಅವಳು ಒಪ್ಪುತ್ತಿರಲಿಲ್ಲ. ಗಂಡನೆಂದು ತಲೆಯಾಡಿಸಿದಳು.

ಒಮ್ಮೆಯಾದರೂ ಭಾವನ ಕೈಯಲ್ಲಿ ಕಾಫಿ ಮಾಡಿಸಬೇಕೆಂದು ಮಂಗಳೂರಿನಿಂದ ತರಿಸಿದ್ದ ಒಂದು ಕೆಂಪು ಕ್ರಿಸ್ಟಲ್ ನನ್ನ ಅಂಗಿಯ ಜೇಬಿನಲ್ಲಿತ್ತು. ಭಾವನ ಕಾರು ಕೆಂಪಿನದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಷೆಡ್ಡಿನ ಹಿಂದೆ ಹೋಗಿ ನೀಲಿ ಕಿತ್ತು ಕೆಂಪು ಸಿಕ್ಕಿಸಿದೆ. ಅವರ ಕಾರು ಷೆಡ್ಡಿನ ಪಕ್ಕದ ತಿರುವಿಗೆ ಬರುವುದನ್ನೇ ಕಾದು, ಸ್ವಿಚ್ಚು ಒತ್ತಿ, ಒಂದು, ಎರಡು, ಮೂರು ಎಣಿಸಿ, ಆರಿಸಿದೆ. ಕಾರು ಗೋಣಿ ಹಾರಿ, ಕಣದ ಕಟ್ಟೆ ಹಾರಿ, ಹಣ್ಣು ತೊಳೆಯುವ ತೊಟ್ಟಿಗೆ ದುಡುಂ ಎಂದು ಬಿತ್ತು. ಎಲ್ಲ ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ.

ನೀಲಿ ಕ್ರಿಸ್ಟಲ್ ಮತ್ತೆ ಸಿಕ್ಕಿಸಿಕೊಂಡು ಈಚೆ ಬರುವಷ್ಟರಲ್ಲಿ ಭಾವ ಮೇಜಿನ ಮುಂದಿದ್ದರು. ಕಿರಾಣಿ ಅಂಗಡಿಯವರ ರಿಮೋಟೂ ಕೆಂಪಿನದೇ. ಅವರ ಸರದಿ ಇರಲಿಲ್ಲವಾದ್ದರಿಂದ ಅದು ಮೇಜಿನ ಮೇಲಿತ್ತು.

"ಒರೆಸ್ತಾ ಒರೆಸ್ತಾ ಇದರ ಸ್ವಿಚ್ಚು ಒತ್ತಿದ್ದೀಯಾ ನೀನು."

"ಇಲ್ಲ ಅಣ್ಣ. ನಾನು ಇವತ್ತು ಇದನ್ನ ಮುಟ್ಟೇ ಇಲ್ಲ."

"ಮತ್ತೆ ಭೂತ ಬಂದು ಒತ್ತಿತಾ? ಒರೆಸೋ ಚಟ ನಿಂಗೆ, ಒಪ್ಕಂಡ್ರೆ ಏನೀಗ?"

ಅವಳು ನನ್ನ ಕಡೆ ನೋಡಿದಳು. ನಾನು ಚಕ್ರ ನೋಡುತ್ತಿದ್ದೆ. ಅಂಗಡಿಯವರು, "ಹೋಗ್ಲಿ ಬಿಡಿ, ಕಣ್ತಪ್ಪಿ ಆಗಿರ್ತದೆ" ಎಂದರು. ಒಳ್ಳೆಯ ಮಾತು ಎಂದೇ ಅವರು ಹೇಳಿದ್ದು. ಅದರಿಂದ ಅಪವಾದ ಖಾಯಂ ಆಯಿತು. ಅವಳು ಹಲಗೆಯ ಮೇಲಿದ್ದ ಕ್ಲಿಪ್ಪುಗಳನ್ನು ಎಣಿಸಿ, ಮೇಜಿನ ಮೇಲಿಟ್ಟು, ಒಳಗೆ ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮನೆಯಲ್ಲಿ ಎಂದಿನಂತೆಯೇ ಇದ್ದಳು, ನಗುತ್ತಿದ್ದಳು, ಕಣಕ್ಕೆ ಮಾತ್ರ ಇಳಿಯಲಿಲ್ಲ. ಏಳು ವರ್ಷ.

ಅಷ್ಟರಲ್ಲಿ ಕಾಲ ಬದಲಾಯಿತು. ಒಬ್ಬೊಬ್ಬರೇ ಹೊಸ ರಿಮೋಟು ಕೊಂಡರು. ಇವುಗಳಿಗೆ ಕ್ರಿಸ್ಟಲ್ ಬೇಡ, ಬಣ್ಣ ಬೇಡ. ಒಂದು ಸಲ ಕಾರಿನೊಂದಿಗೆ ಜೋಡಿ ಮಾಡಿದರೆ ಆ ರಿಮೋಟಿನ ಮಾತು ಆ ಕಾರಿಗೆ ಮಾತ್ರ. ಹಲಗೆ ಅಟ್ಟ ಸೇರಿತು. ಈ ವರ್ಷ ಹೂಮಳೆ ಬಿದ್ದ ಮೇಲೆ ಒಂದು ದಿನ ನನ್ನ ಹೆಂಡತಿ ತಟ್ಟೆಗೆ ಕಡುಬು ಬಡಿಸುತ್ತ ಹೇಳಿದಳು:

"ಈಗ ಕ್ಲಿಪ್ಪು ಇಲ್ಲವಂತಲ್ಲ. ಹಾಗಿದ್ರೆ ಯಾರೂ ಯಾರ ಮೇಲೂ ಹೇಳೋ ಹಾಗಿಲ್ಲ. ನಂಗೂ ಒಂದು ರಿಮೋಟು ಕೊಡಿಸಿ, ನಾನೂ ಕಾರು ಬಿಡ್ತೀನಿ."

ತಟ್ಟೆ ನೋಡಿಕೊಂಡೇ ಹೂಂ ಎಂದೆ. ಆದರೂ ಅಷ್ಟು ಖುಷಿ ನನಗಾಗಿ ಬಹಳ ದಿನವಾಗಿತ್ತು. ಮರುದಿನವೇ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದೆವು.

ಅಲ್ಲಿಯ ಆಟದ ಕಾರಿನ ಅಂಗಡಿಯವನು ನಾಲ್ಕು ರಿಮೋಟು ತೆಗೆದು ಗಾಜಿನ ಮೇಲಿಟ್ಟ. ನಾನು ಹುಮ್ಮಸ್ಸಿನಲ್ಲಿ ದೊಡ್ಡ ಪರದೆಯದನ್ನೇ ಮುಂದಕ್ಕೆ ತಳ್ಳಿದೆ.

"ಇದರಲ್ಲಿ ಇಪ್ಪತ್ತು ಕಾರಿನ ಲೆಕ್ಕ ಇಟ್ಟುಕೊಳ್ಳಬಹುದಂತೆ ನೋಡು."

"ನಂಗಿರೋದು ಒಂದು ಕಾರು. ಅದೂ ಇನ್ನೂ ಬಂದಿಲ್ಲ" ಎಂದು ಅವಳು ಅದನ್ನು ಪಕ್ಕಕ್ಕಿಟ್ಟಳು.

ಎರಡು ಕಡ್ಡಿಗಳಿರುವ ರಿಮೋಟನ್ನು ಹಿಡಿದು ನೋಡಿದಳು. ಒಂದು ಕಡ್ಡಿ ಓಟಕ್ಕೆ, ಇನ್ನೊಂದು ತಿರುವಿಗೆ, ಎರಡೂ ಹೆಬ್ಬೆರಳಿನ ಕೆಲಸ. ಭಾವ ಇವತ್ತಿಗೂ ಇಂಥದ್ದನ್ನೇ ಬಳಸುವುದು. "ಅಣ್ಣನ ಥರ ಹೆಬ್ಬೆರಳು ಕುಣಿಸೋಕೆ ನನ್ನಿಂದಾಗಲ್ಲ" ಎಂದಳು. ಮೂರನೆಯದು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು ತೋರುಬೆರಳಲ್ಲಿ ಗುಂಡಿ ಎಳೆದರೆ ಓಟ, ಮುಂದಕ್ಕೆ ದೂಡಿದರೆ ಬ್ರೇಕು. ಪಕ್ಕದಲ್ಲಿರುವ ಸ್ಪಂಜಿನ ಚಕ್ರವನ್ನು ಬಲಗೈಯಲ್ಲಿ ತಿರುಗಿಸಬೇಕು. ಅವಳು ತಿರುಗಿಸಿದಾಗಲೆಲ್ಲ ಬಳೆ ರಿಮೋಟಿಗೆ ತಾಗಿ ಟಣ್ ಟಣ್ ಎಂದಿತು.

"ಬಳೆ ತೆಗೆದಿಟ್ರೆ ಸರಿಯಾಗ್ತದೆ ಆಂಟಿ" ಎಂದ ಅಂಗಡಿಯವನು.

"ಬಳೆ ನಲ್ವತ್ತು ವರ್ಷದಿಂದ ಇದೆ ಕಣಪ್ಪ. ನಿನ್ನ ರಿಮೋಟು ಇವತ್ತು ಬಂದಿದ್ದು. ಯಾವುದು ಸರಿಯಬೇಕು ಹೇಳು."

ಅವನು ನಗುತ್ತ ನಾಲ್ಕನೆಯದನ್ನು ಕೊಟ್ಟ. ಅದರ ಚಕ್ರ ಒಂದು ಅಂಗುಲ ಕೆಳಗೆ, ಹೊರಕ್ಕೆ ಚಾಚಿಕೊಂಡಿತ್ತು. ಬಳೆ ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಎಡಕ್ಕೆ, ಬಲಕ್ಕೆ ತಿರುಗಿಸಿದಳು. ಗುಂಡಿ ಬೆರಳಿಗೆ ಎಟುಕುತ್ತದೆಯೇ ಎಂದು ಮತ್ತೆ ಮತ್ತೆ ಎಳೆದಳು. ಐದು ನಿಮಿಷ ಎತ್ತಿ ಹಿಡಿದುಕೊಂಡೇ ನಿಂತು ಕೈ ಸೋಲುತ್ತದೆಯೇ ಎಂದು ನೋಡಿದಳು. ಸೆಲ್ಲು ಯಾವುದೆಂದು ಕೇಳಿದಳು. ಗಡಿಯಾರಕ್ಕೆ ಹಾಕುವ ಸಾದಾ ಪೆನ್ಸಿಲ್ ಸೆಲ್ಲು, ನಾಲ್ಕು. "ಇದಾದ್ರೆ ಬಣಕಲ್ಲಲ್ಲೇ ಸಿಗ್ತದೆ." ನಾನು ಪರದೆ ನೋಡಿದ್ದೆ, ಅವಳು ನೋಡಬೇಕಾದ್ದನ್ನು ನೋಡಿದ್ದಳು.

ಅಂಗಡಿಯವನು ಒಂದು ಕಾರಿನ ಚಕ್ರ ನೆಲಕ್ಕೆ ತಾಗದಂತೆ ಡಬ್ಬದ ಮೇಲಿಟ್ಟು ಓಡಿಸಿ, ರಿಮೋಟಿನ ಸೆಲ್ಲು ಕಿತ್ತ. ಚಕ್ರ ತಾನಾಗಿಯೇ ನಿಂತಿತು. "ಸಿಗ್ನಲ್ ತಪ್ಪಿದ್ರೆ ಗಾಡಿ ನಿಲ್ತದೆ ಆಂಟಿ. ಹುಚ್ಚು ಹಿಡಿದು ಓಡಲ್ಲ."

"ಹಳೇದರಲ್ಲಿ ಓಡ್ತಿತ್ತಲ್ವಾ?"

"ಹಳೇದಾ? ಅದೇ ನಂಬರಿನ ಇನ್ನೊಂದು ಕ್ರಿಸ್ಟಲ್ಲು ಯಾರ ಹತ್ರ ಇದ್ರೂ ಆಯ್ತು. ದೂರದಲ್ಲಿ ನಿಂತು ಒತ್ತಿದ್ರೂ ಸಾಕು."

"ದೂರದಲ್ಲಿ ನಿಂತು" ಎಂದಳು ಅವಳು. ಪ್ರಶ್ನೆಯ ಹಾಗೆ ಇರಲಿಲ್ಲ. ನನ್ನ ಕಡೆ ತಿರುಗಲಿಲ್ಲ. "ಇದೇ ಕೊಡು, ಜೊತೆಗೆ ಒಂದು ಕಾರೂ ಕೊಡು" ಎಂದು ನಾಲ್ಕನೆಯದನ್ನು ಮುಂದಿಟ್ಟಳು. ವಾಪಸು ಬರುವ ಬಸ್ಸಿನಲ್ಲಿ ಮೂಡಿಗೆರೆ ದಾಟುವವರೆಗೂ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಚಕ್ರ ತಿರುಗಿಸುತ್ತಲೇ ಇದ್ದಳು. ಆ ದಾರಿಯಲ್ಲಿ ಹೇಳಬಹುದಿತ್ತು. ಮೂಡಿಗೆರೆ ಬರಲಿ ಎಂದುಕೊಂಡೆ. ಮೂಡಿಗೆರೆ ಬಂತು, ಬಣಕಲ್ಲೂ ಬಂತು.

ಎರಡು ವಾರ ಅವಳು ದಿನವೂ ಬೆಳಿಗ್ಗೆ ಕಣದಲ್ಲಿ ಅಭ್ಯಾಸ ಮಾಡಿದಳು. ಮೊದಲ ದಿನ ನಾಯಿಯನ್ನು ಅಟ್ಟಿಸಿಕೊಂಡು ಹೋದಳು. ಎರಡನೆಯ ದಿನ ನಾಯಿ ಕಾರನ್ನು ಅಟ್ಟಿಸಿಕೊಂಡು ಬಂತು. ಮೂರನೆಯ ದಿನದಿಂದ ಇಬ್ಬರಿಗೂ ರಾಜಿಯಾಯಿತು. ಕಾರು ಎದುರಿಗೆ ಬರುವಾಗ ಎಡ ಬಲ ಅದಲುಬದಲಾಗುವುದು ಎಲ್ಲರನ್ನೂ ಕಾಡುತ್ತದೆ. ಅವಳು ಅದಕ್ಕೂ ಉಪಾಯ ಕಂಡುಕೊಂಡಳು. ಕಾರು ಎದುರು ಬಂದಾಗ ತಾನೂ ಮೈ ತಿರುಗಿಸಿ, ಹೆಗಲ ಮೇಲಿಂದ ನೋಡುತ್ತ ನಡೆಸುತ್ತಿದ್ದಳು. ಕಣದ ಅಂಚಿನಲ್ಲಿ ಸೆರಗು ಸಿಕ್ಕಿಸಿಕೊಂಡು ಗಿರ್ರನೆ ಸುತ್ತುವ ಹೆಂಗಸನ್ನು ನೋಡಿ ದಾರಿಹೋಕರು ಬೇಲಿಯ ಬಳಿ ನಿಲ್ಲುತ್ತಿದ್ದರು.

ಭಾನುವಾರ ಬಂತು. ಹತ್ತು ಸುತ್ತಿನ ಓಟ. ಅವಳದು ವೇಗದ ಓಟವಲ್ಲ. ಆದರೆ ಒಂದು ಗೋಣಿಗೂ ತಾಗಲಿಲ್ಲ. ಉಳಿದವರೆಲ್ಲ ತಾಗಿದರು. ನಾನಂತೂ ಎರಡು ಸಲ ಮಗುಚಿದೆ. ಭಾವ ಮುಂದಿದ್ದರು. ಕೊನೆಯ ಸುತ್ತಿನಲ್ಲಿ, ಅದೇ ಪಲ್ಪರ್ ಷೆಡ್ಡಿನ ತಿರುವಿನಲ್ಲಿ, ಅವರ ಕಾರು ಹೊರ ಅಂಚಿಗೆ ಸರಿಯಿತು. ಇವಳು ಒಳಗಿನಿಂದ ನುಗ್ಗಿದಳು. ಬೇಲಿಯ ಆಚೆ ನಿಂತವರೂ ಕೂಗಿದರು.

ಭಾವ ಟೋಪಿ ತೆಗೆದು ನೆಲಕ್ಕೆಸೆದರು. "ಅಲ್ಲ ಮಾರಾಯ್ತಿ, ಅವತ್ತು ಒರೆಸೋಕೆ ಹೋಗಿ ನನ್ನ ಗಾಡೀನ ತೊಟ್ಟಿಗೆ ಹಾಕ್ದೆ. ಇವತ್ತು ಕೈಯಾರೆ ಸೋಲಿಸ್ದೆ. ಅಣ್ಣ ಅಂದ್ರೆ ಎಂಥ ದ್ವೇಷ ನಿಂಗೆ!"

ಎಲ್ಲ ನಕ್ಕರು. ಅವಳೂ ನಕ್ಕಳು. ಆದರೆ ರಿಮೋಟನ್ನು ಒರೆಸಲೆಂದು ಎತ್ತಿದ ಸೆರಗನ್ನು ಮೆಲ್ಲಗೆ ಕೆಳಗೆ ಬಿಟ್ಟಳು. ಅದನ್ನು ನಾನು ನೋಡಿದೆ.

"ಭಾವ, ಅವತ್ತು ಒತ್ತಿದ್ದು ಅವಳಲ್ಲ" ಎಂದೆ. "ನಾನು. ಷೆಡ್ಡಿನ ಹಿಂದೆ ನಿಂತು, ನನ್ನ ರಿಮೋಟಿಗೆ ಕೆಂಪು ಕ್ರಿಸ್ಟಲ್ ಹಾಕಿ."

ಭಾವ ಟೋಪಿ ಎತ್ತಿಕೊಳ್ಳಲು ಬಗ್ಗಿದವರು ಹಾಗೇ ನನ್ನ ಕಡೆ ತಿರುಗಿದರು.

"ನೀವಾ?" ಎಂದರು ಭಾವ. "ಒಂದು ಲೋಟ ಕಾಫಿ ಮಾಡೋದು ತಪ್ಪಿಸ್ಕೊಳ್ಳೋಕಾ?" ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನಗು ನಿಂತ ಮೇಲೆ ತಂಗಿಯ ಕಡೆ ತಿರುಗಿದರು. "ಏಳು ವರ್ಷ ನಿನ್ನ ಮೇಲೆ ಹಾಕ್ದೆ ಕಣೇ. ತಪ್ಪಾಯ್ತು" ಎಂದು, ಎಪ್ಪತ್ತು ದಾಟಿದ ಆ ಮನುಷ್ಯ ಎರಡೂ ಕಿವಿ ಹಿಡಿದು, ಎಲ್ಲರ ಮುಂದೆ ಬಸ್ಕಿ ಹೊಡೆಯತೊಡಗಿದರು. ಒಂದು, ಎರಡು. ಮೂರನೆಯದಕ್ಕೆ ಕೂತವರಿಗೆ ಏಳಲಾಗಲಿಲ್ಲ. ಅವಳೇ ಕೈ ಹಿಡಿದು ಎಳೆದಳು.

"ಸಾಕು ಏಳು ಅಣ್ಣ, ಮಂಡಿ ಹೋದ್ರೆ ಜೀಪು ಯಾರು ಓಡಿಸೋದು?" ನಗುತ್ತಿದ್ದಳು, ಕಣ್ಣೂ ಒದ್ದೆಯಾಗಿತ್ತು. ಆಮೇಲೆ ನನ್ನ ಕಡೆ ನೋಡಿದಳು. "ನನ್ನ ಹಲಗೇಲಿ ತಪ್ಪಿರಲಿಲ್ಲ ಅಂತ ನಂಗೆ ಗೊತ್ತಿತ್ತು ರೀ. ಹೋಗಿ, ಕಾಫಿ ಇಡಿ. ಇವತ್ತು ಕೊನೆಯವರು ನೀವೇ."

ಹೋಗಿ ಕಾಫಿ ಇಟ್ಟೆ. ಒಲೆಯ ಮುಂದೆ ನಿಂತು ತಪ್ಪಾಯ್ತು ಎಂಬ ಆ ಒಂದು ಮಾತನ್ನು ನಾಲ್ಕು ಸಲ ಬಾಯಲ್ಲಿ ಹೇಳಿ ನೋಡಿದೆ. ಈಚೆ ಬಂದು ಅವಳ ಲೋಟವನ್ನು ಮೊದಲು ಕೊಟ್ಟೆ. "ಬೆಲ್ಲ ಸರಿ ಇದೆಯಾ?" ಎಂದಷ್ಟೇ ಕೇಳಿದೆ. ಇದೆ ಎಂದಳು.

ಮರುದಿನ ಅಟ್ಟದಿಂದ ಹಲಗೆ ಇಳಿಸಿ, ಒರೆಸಿ, ಷೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಬಣ್ಣಕ್ಕೊಂದರಂತೆ ಕ್ಲಿಪ್ಪುಗಳೆಲ್ಲ ಇವೆ. ಈಗ ಅದರಿಂದ ಯಾರಿಗೂ ಕೆಲಸವಿಲ್ಲ. ಭಾನುವಾರ ಬಂದವರು ಅದನ್ನು ನೋಡಿಯೇ ಕಣಕ್ಕೆ ಇಳಿಯುತ್ತಾರೆ. ಆದರೆ ತಪ್ಪೇ ಮಾಡದ ಭಾವ ಬಸ್ಕಿ ಹೊಡೆದ ಮೇಲೂ, ತಪ್ಪು ಮಾಡಿದ ನಾನು ತಪ್ಪಾಯಿತು ಎಂದು ಅವಳಿಗೆ ಇನ್ನೂ ಹೇಳಿಲ್ಲ. ಈ ಹಾಳೆಗಳನ್ನು ಅವಳ ರಿಮೋಟಿನ ಡಬ್ಬದಲ್ಲಿ ಇಡುತ್ತೇನೆ. ಭಾನುವಾರ ಅದನ್ನು ತೆರೆಯುವವಳು ಅವಳೊಬ್ಬಳೇ. ಅಪವಾದ ಹೊತ್ತ, ನಾನು ಇನ್ನೂ ಕ್ಷಮೆ ಕೇಳದ ಆ ಬೇರೊಬ್ಬರು ನನ್ನ ಹೆಂಡತಿ.